ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಖರ್ಚಾಗುತ್ತಾ?

ಪ್ರಶ್ನೆ: ನಾವು ಮಡಿಕೇರಿಯವರು. ಪೆಟ್ರೋಲ್ ಕಾರಿದೆ. ಚಳಿಗಾಲದಲ್ಲಿ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವಾಗ ನಾನು ಹೀಟರ್ ಹಾಕುತ್ತೇನೆ. ಎಸಿ ಥರ ಇದೂ ಪೆಟ್ರೋಲ್ ಕುಡಿಯುತ್ತೆ ಅಂತ ನಮ್ಮ ಮನೆಯವರು ಆಫ್ ಮಾಡಿಬಿಡುತ್ತಾರೆ. ಅದರ ಬದಲು ಅಂಗಳದಲ್ಲೇ ಹತ್ತು ನಿಮಿಷ ಗಾಡಿ ಸ್ಟಾರ್ಟ್ ಮಾಡಿಟ್ಟು ಬಿಸಿ ಮಾಡುತ್ತಾರೆ. ಯಾರದು ಸರಿ?

ಉತ್ತರ: ನಿಮ್ಮದೇ ಸರಿ. ಹೀಟರ್ ಧಾರಾಳವಾಗಿ ಹಾಕಿ. ಮಕ್ಕಳು ನಡುಗುತ್ತಾ ಕೂರಬೇಕಾಗಿಲ್ಲ.

ಎಸಿ, ಹೀಟರ್ ಎರಡರ ಗುಂಡಿಗಳೂ ಅಕ್ಕಪಕ್ಕ ಇರುವುದರಿಂದ ಎರಡೂ ಒಂದೇ ಅನಿಸುತ್ತದೆ. ಒಳಗಿನ ಕೆಲಸ ಬೇರೆ. ಎಸಿಯ ಕಂಪ್ರೆಸರನ್ನು ಬೆಲ್ಟ್ ಹಾಕಿ ಎಂಜಿನ್ನೇ ತಿರುಗಿಸಬೇಕು. ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಹೀಟರ್ ಹಾಗಲ್ಲ. ನೀವು 100 ರೂಪಾಯಿ ಪೆಟ್ರೋಲ್ ಹಾಕಿಸಿದರೆ ಚಕ್ರ ತಿರುಗಿಸಲು ಸಿಗುವುದು ಸುಮಾರು 20ರಿಂದ 30 ರೂಪಾಯಿಯಷ್ಟು. ಉಳಿದದ್ದರಲ್ಲಿ ಬಹುಪಾಲು ಸುಮ್ನೆ ಬಿಸಿಯಾಗಿ ಸೈಲೆನ್ಸರ್, ರೇಡಿಯೇಟರ್ ಮೂಲಕ ಹೊರಗೆ ಹೋಗುತ್ತದೆ. ಎಂಜಿನ್ ಸುತ್ತ ಓಡಾಡುವ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸುಮಾರು 90 ಡಿಗ್ರಿ ಕಾದಿರುತ್ತದೆ. ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರಿನಲ್ಲಿ ಅದು ಹರಿಯುತ್ತದೆ, ಫ್ಯಾನ್ ಆ ಬಿಸಿಯನ್ನು ಒಳಗೆ ಊದುತ್ತದೆ. ಅಷ್ಟೇ. ಹಂಡೆಯ ಒಲೆ ಮುಂದೆ ಕೂತು ಕೈ ಕಾಯಿಸಿಕೊಂಡರೆ ಸೌದೆ ಜಾಸ್ತಿ ಉರಿಯುವುದಿಲ್ಲ ಅಲ್ವಾ? ಇದೂ ಹಾಗೇ. ಫ್ಯಾನ್‌ಗೆ ಬೇಕಾದ ಕರೆಂಟೂ ಹೆಡ್‌ಲೈಟಿನ ಬಲ್ಬುಗಳು ಎಳೆಯುವಷ್ಟೇ.

ನಿಜವಾಗಿ ಪೆಟ್ರೋಲ್ ಪೋಲಾಗುವುದು ಆ ಹತ್ತು ನಿಮಿಷದಲ್ಲಿ. ಗಾಡಿ ಒಂದಡಿಯೂ ಮುಂದೆ ಹೋಗದೆ ಎಣ್ಣೆ ಉರಿಯುತ್ತಿರುತ್ತದೆ. ನಿಂತಲ್ಲಿ ಎಂಜಿನ್ ಬೇಗ ಬಿಸಿಯಾಗುವುದೂ ಇಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ. ಮೊದಲ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆದ್ದ ಮೇಲೆ ಹೀಟರ್ ಹಾಕಿ. ಅದಕ್ಕೂ ಮುಂಚೆ ಹಾಕಿದರೆ ತಣ್ಣನೆ ಗಾಳಿಯೇ ಬರುತ್ತದೆ, ಎಂಜಿನ್ ಬಿಸಿಯಾಗುವುದೂ ಕೊಂಚ ತಡವಾಗುತ್ತದೆ.

ಒಂದು ವಿಷಯ ಗಮನಿಸಿ. ಮುಂದಿನ ಗಾಜಿನ ಮಂಜು ತೆಗೆಯುವ ಗುಂಡಿ ಒತ್ತಿದರೆ ಎಷ್ಟೋ ಕಾರುಗಳಲ್ಲಿ ಎಸಿ ತಾನಾಗೇ ಆನ್ ಆಗುತ್ತದೆ. ಆಗ ಸ್ವಲ್ಪ ಪೆಟ್ರೋಲ್ ಹೋಗುತ್ತದೆ, ಹೋಗಲಿ. ಗಾಳಿಯ ತೇವ ಹೀರುವುದು ಎಸಿ, ಗಾಜು ಬೆಚ್ಚಗಾಗಿಸುವುದು ಹೀಟರ್. ಎರಡೂ ಸೇರಿದರೆ ಗಾಜು ಬೇಗ ತಿಳಿಯಾಗುತ್ತದೆ. ನಿಮ್ಮೂರಿನ ತಿರುವುಗಳಲ್ಲಿ ದಾರಿ ಕಾಣದೆ ಓಡಿಸುವುದಕ್ಕಿಂತ ಆ ಖರ್ಚು ದೊಡ್ಡದಲ್ಲ. ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟುಕೊಳ್ಳಿ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ನಾಲ್ಕು ಜನರ ಉಸಿರಿಗೆ ಮಂಜು ಮತ್ತೆ ಕಟ್ಟುತ್ತದೆ. ಗಾಜು ತಿಳಿಯಾದ ಮೇಲೆ ಎಸಿ ಆಫ್ ಮಾಡಿ, ಹೀಟರ್ ಇರಲಿ.

ಇದೆಲ್ಲ ಎಂಜಿನ್ ಇರುವ ಗಾಡಿಯ ಮಾತು. ಎಲೆಕ್ಟ್ರಿಕ್ ಕಾರಿನಲ್ಲಿ ಪುಕ್ಕಟೆ ಬಿಸಿ ಅಷ್ಟು ಸಿಗುವುದಿಲ್ಲ. ಹೀಟರ್ ಬ್ಯಾಟರಿಯಿಂದಲೇ ನಡೆಯುತ್ತದೆ, ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಕಾಣುವಷ್ಟು ಇಳಿಯುತ್ತದೆ.

ನಿಮ್ಮ ಮನೆಯವರಿಗೆ ಮೈಲೇಜ್ ಚಿಂತೆ ಇದ್ದರೆ ಇದನ್ನು ನೋಡಲು ಹೇಳಿ. ಹದಿನೈದು ನಿಮಿಷ ಓಡಿಸಿದ ಮೇಲೂ ಹೀಟರ್‌ನಿಂದ ಉಗುರುಬೆಚ್ಚಗಿನ ಗಾಳಿಯೇ ಬರುತ್ತಿದ್ದು, ಟೆಂಪರೇಚರ್ ಮುಳ್ಳೂ ಕೆಳಗೇ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ತೆರೆದುಕೊಂಡೇ ಕೂತಿರಬಹುದು. ಆಗ ಎಂಜಿನ್ ಸರಿಯಾಗಿ ಬಿಸಿಯಾಗದೆ ದಿನವೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಗ್ಯಾರೇಜಿನಲ್ಲಿ ಕೂಲೆಂಟ್ ಮಟ್ಟವನ್ನೂ ಜೊತೆಗೇ ನೋಡಿಸಿ.