ಹೊಳೆ ದಂಡೆ ಜಾಗ, ಮನೆ ಕಟ್ಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ರ ಹೇಮಾವತಿ ಹೊಳೆ ಪಕ್ಕ ನಮ್ದೊಂದು ಜಾಗ ಇದೆ ಸರ್, ಕನ್ವರ್ಷನ್ ಆಗಿದೆ. 2019ರ ಆಗಸ್ಟಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾಲ್ಕಡಿ ಮಣ್ಣು ಹೊಡ್ಸಿ ಮನೆ ಕಟ್ಟೋಣ ಅಂತಾರೆ ಮೇಸ್ತ್ರಿ. ಹೊಳೆಯಿಂದ 75 ಮೀಟರ್ ಬಿಡ್ಲೇಬೇಕಾ?

ಉತ್ತರ: ಮಣ್ಣು ಹೊಡ್ಸೋದು ಮೊದ್ಲು ನಿಲ್ಸಿ. ನೀವು ಏರಿಸಿದ್ರೆ ನಿಮ್ಮ ಜಾಗದಲ್ಲಿ ಹರಡ್ತಿದ್ದ ನೀರು ಪಕ್ಕದವರ ಮನೆಗೆ ನುಗ್ಗುತ್ತೆ, ಹೊಸ ಮಣ್ಣು ಕುಸಿದು ನಿಮ್ಮ ಗೋಡೆನೂ ಬಿರುಕು ಬಿಡುತ್ತೆ.

75 ಮೀಟರ್ ಅನ್ನೋದು 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು, ಅದನ್ನೂ 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ನೆರೆ ಬಯಲಲ್ಲಿ ಎಲ್ಲಿ ಏನು ಕಟ್ಬಹುದು ಅಂತ ಕೇಂದ್ರ 1975ರಲ್ಲೇ ಮಾದರಿ ಮಸೂದೆ ಕಳಿಸ್ತು, ಮಣಿಪುರ ರಾಜಸ್ಥಾನದಂಥ ಕೆಲವೇ ರಾಜ್ಯ ಕಾನೂನು ಮಾಡಿದ್ವು, ನಮ್ಮಲ್ಲಿ ಆಗ್ಲಿಲ್ಲ, ನನ್ನ ಪ್ರಕಾರ ಇದು ದೊಡ್ಡ ತಪ್ಪು. ಕನ್ವರ್ಷನ್ ಆಗಿದೆ ಅಂದ್ರೆ ಬೇಸಾಯದ ಜಮೀನನ್ನ ಬೇರೆದಕ್ಕೆ ಬಳಸ್ಬಹುದು ಅಂತ ಅಷ್ಟೇ, ನೀರು ಬರಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ. ಪಟ್ಟಣದ ವ್ಯಾಪ್ತಿ ಆದ್ರೆ ಮಾಸ್ಟರ್ ಪ್ಲಾನ್ ನೋಡಿ, ಹಳ್ಳಿ ಆದ್ರೆ ಪಂಚಾಯ್ತಿ ಲೈಸೆನ್ಸ್ ಬೇಕು.

ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಆಸ್ಪತ್ರೆ, ಕರೆಂಟ್ ಸ್ಟೇಷನ್‌ಗಳು ನೂರು ವರ್ಷಕ್ಕೊಮ್ಮೆ ಬರೋ ನೆರೆ ಮಟ್ಟಕ್ಕಿಂತ ಮೇಲಿರ್ಬೇಕು, ಮನೆಗಳು 25 ವರ್ಷದ್ದಕ್ಕಿಂತ ಮೇಲೆ, ಅಪಾಯದ ಜಾಗದಲ್ಲಿ ಕಂಬದ ಮೇಲೆ. 25 ವರ್ಷ ಅಂದ್ರೆ ಒಂದ್ಸಲ ಬಂದ್ಮೇಲೆ 25 ವರ್ಷ ಆರಾಮು ಅಂತ ಅಲ್ಲ, ಪ್ರತಿ ವರ್ಷನೂ ನೂರಕ್ಕೆ 4 ಸಾಧ್ಯತೆ, 30 ವರ್ಷ ಆ ಮನೇಲಿದ್ರೆ ಒಂದ್ಸಲನಾದ್ರೂ ಬರೋದು ಹತ್ತಿರತ್ತಿರ ನೂರಕ್ಕೆ 70.

ಇನ್ನೊಂದು, ಹೇಮಾವತಿಗೆ ಕಟ್ಟಿರೋ ಗೊರೂರು ಡ್ಯಾಮ್ ನಿಮಗಿಂತ ಕೆಳಗಿದೆ. ಡ್ಯಾಮ್‌ಗಿಂತ ಕೆಳಗಿರೋ ಹೊಳೆನರಸೀಪುರದವರಿಗೆ ಗೇಟ್ ತೆಗೆಯೋ ಮುಂಚೆ ಎಚ್ಚರಿಕೆ ಸಿಗುತ್ತೆ, ನಿಮಗೆ ಹಂಗಲ್ಲ, ಮೂಡಿಗೆರೆ ಕಡೆ ರಾತ್ರಿ ಮಳೆ ಹೊಯ್ದ್ರೆ ನಿಮ್ಮೂರಲ್ಲಿ ಬಿಸಿಲಿದ್ರೂ ಹೊಳೆ ಏರುತ್ತೆ. ಹಾಗಾಗಿ ಜಾಗದ ಎತ್ತರದ ಭಾಗ ನೋಡ್ಕೊಂಡು, 2018, 2019ರಲ್ಲಿ ನೀರು ಎಲ್ಲಿವರ್ಗೆ ಬಂತು ಅಂತ ಅಕ್ಕಪಕ್ಕದ ಹಿರಿಯರನ್ನ ಕೇಳಿ ಗುರುತು ಹಾಕ್ಸಿ, ಇಂಜಿನಿಯರ್ ಹತ್ರ ಲೆವೆಲ್ ಹಿಡಿಸಿ, ಅದಕ್ಕಿಂತ ಎರಡು ಮೂರಡಿ ಮೇಲೆ ಪಿಲ್ಲರ್ ಎಬ್ಬಿಸಿ, ಕೆಳಗೆ ನೀರು ಹರಿಯೋಕೆ ಖಾಲಿ ಬಿಟ್ಟು ಕಟ್ಟಿ. ಮೀಟರ್ ಬೋರ್ಡು ಮೇಲಿರ್ಲಿ. ಅಂಥ ಎತ್ತರದ ಭಾಗ ಇಲ್ವೇ ಇಲ್ಲ ಅಂದ್ರೆ ಅಲ್ಲಿ ಬಾಳೆ ತೆಂಗು ಹಾಕಿ, ಮನೆ ಬೇರೆ ಕಡೆ ನೋಡಿ.

ಪ್ರಶ್ನೆ: ಬಾಳೆಹೊನ್ನೂರು ಹತ್ರ ಭದ್ರಾ ಹೊಳೆ ಅಂಚಿನ ಜಾಗ ಮಾರ್ತಿದಾರೆ, ಪಹಣಿಯಲ್ಲಿ 'ಬಿ' ಖರಾಬು ಅಂತಿದೆ. ತಗೋಬಹುದಾ?

ಉತ್ತರ: ಬೇಡ. ಅದು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟಿದ್ದು, ಅವರಿಗೆ ಮಾರೋ ಹಕ್ಕೇ ಇಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಸರ್ಕಾರದ ಭೂ ನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ, ಆಮೇಲೆ ಸರ್ವೆ ಸ್ಕೆಚ್ ತೆಗೆಸಿ.