80,000 ರೂಪಾಯಿಯಲ್ಲಿ ಗೇಮಿಂಗ್ ಪಿಸಿ: ಆರ್‌ಟಿಎಕ್ಸ್ 5060 ಕೊಳ್ಳಲೇ, ಆರ್‌ಎಕ್ಸ್ 9060 ಎಕ್ಸ್‌ಟಿ ಕೊಳ್ಳಲೇ?

ಕಟಪಾಡಿಯಲ್ಲಿ ಮನೆ, ಕೈಯಲ್ಲಿ 80,000 ರೂಪಾಯಿ, ಮಳೆಗಾಲ ಹಿಡಿಯುವ ಮೊದಲೇ ಎನ್ವಿಡಿಯಾದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಇವೆರಡರಲ್ಲಿ ಒಂದು ಗ್ರಾಫಿಕ್ಸ್ ಕಾರ್ಡು ಸಮೇತ ಪಿಸಿ ಜೋಡಿಸಿ ಮುಗಿಸಬೇಕು, ಯುಪಿಎಸ್ ಮುಂತಾದ ಸಣ್ಣಪುಟ್ಟದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬರೆದಿದ್ದೀರಿ. ಊರಿನ ಹೆಸರನ್ನೂ ಕಾರ್ಡಿನ ಹೆಸರನ್ನೂ ಬದಲಾಯಿಸಿದರೆ, 2017ರಲ್ಲಿ ಪರ್ಕಳದ ಮನೆಯಲ್ಲಿ ಕುಳಿತು ನಾನು ಹಾಕಿದ್ದ ಲೆಕ್ಕವೂ ಇದೇ.

ಆಗ ನನಗೆ ಬೇಕಾಗಿದ್ದದ್ದು ಎನ್ವಿಡಿಯಾದ ಜಿಟಿಎಕ್ಸ್ 1060, ಅದರಲ್ಲೂ 6 ಜಿಬಿ ಮೆಮೊರಿಯದ್ದು. ಆ ವರ್ಷದ ನಡುವಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್ ಮಾಡುವವರು ಮಧ್ಯಮ ದರ್ಜೆಯ ಕಾರ್ಡುಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರಿಂದ, ಸಿಕ್ಕ ಒಂದೆರಡಕ್ಕೆ ಅಂಗಡಿಯವರು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದರು. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕೇಳಿದಷ್ಟು ಕೊಟ್ಟು ನಾನೂ ಒಂದನ್ನು ತಂದೆ. ಕಾರ್ಡಿಗೆ ಹೆಚ್ಚಿಗೆ ಹೋದ ಹಣವನ್ನು ಉಳಿದ ಎಲ್ಲದರಿಂದ ಕತ್ತರಿಸಬೇಕಾಯಿತು: ಇಂಟೆಲ್ಲಿನ ಕೋರ್ ಐ5 7400 ಪ್ರೊಸೆಸರ್, ಇದ್ದುದರಲ್ಲಿ ಅಗ್ಗದ ಬಿ250 ಮದರ್‌ಬೋರ್ಡ್, ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್, ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ. ಯುಪಿಎಸ್ ಕೊಳ್ಳುವ ಮಾತೇ ಇರಲಿಲ್ಲ. ಕಾರ್ಡಿಗೆ ಬೇಕಾದ ಆರು ಪಿನ್ನಿನ ಕನೆಕ್ಟರ್ ಆ ಎಸ್‌ಎಂಪಿಎಸ್‌ನಲ್ಲಿ ಇಲ್ಲದ ಕಾರಣ ಅಡಾಪ್ಟರ್ ಹಾಕಿ ಕರೆಂಟು ಕೊಟ್ಟಿದ್ದೆ. ಇಷ್ಟು ಓದಿದವರು ಆ ಎಸ್‌ಎಂಪಿಎಸ್ಸೇ ಸುಟ್ಟುಹೋಗಿರಬೇಕು ಎಂದುಕೊಳ್ಳುತ್ತೀರಿ. ಅದಕ್ಕೆ ಏನೂ ಆಗಲಿಲ್ಲ. ಒಂದು ವರ್ಷಕ್ಕೂ ಮೀರಿ ‘ವಿಚರ್ 3’ ಆಡಿದೆ, ರಾತ್ರಿಯೆಲ್ಲ ‘ಕೌಂಟರ್ ಸ್ಟ್ರೈಕ್’ ಆಡಿದೆ, ಎಲ್ಲವೂ ಚೆನ್ನಾಗಿಯೇ ನಡೆಯಿತು.

2018ರ ಅಕ್ಟೋಬರಿನಲ್ಲಿ ಒಂದು ಸಂಜೆ ಗುಡುಗು ಶುರುವಾಯಿತು. ನಮ್ಮ ಕಡೆ ಮಳೆಗಾಲದ ನಡುವಿನ ಆಟಿ ತಿಂಗಳ ಮಳೆ ಎಷ್ಟೇ ಸುರಿದರೂ ಸಿಡಿಲಿನ ಕಾಟ ಅಷ್ಟಾಗಿ ಇರುವುದಿಲ್ಲ. ಸಿಡಿಲು ಬರುವುದು ಮಳೆಗಾಲಕ್ಕೆ ಮುಂಚಿನ ಪಗ್ಗು, ಬೇಶ ಎಂಬ ತುಳು ತಿಂಗಳುಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವ ದೀಪಾವಳಿಯ ಆಸುಪಾಸಿನಲ್ಲಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದ್ದರಿಂದ ಮೊದಲ ಗುಡುಗಿಗೇ ಮಾಳಿಗೆಗೆ ಹೋಗಿ ಪಿಸಿ ಆಫ್ ಮಾಡಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೆಲದ ಮೇಲೆ ಇಟ್ಟು, ನೆಮ್ಮದಿಯಿಂದ ಕೆಳಗಿಳಿದು ಬಂದೆ. ಸ್ವಲ್ಪ ಹೊತ್ತಿನಲ್ಲಿ ತೋಟದ ಆಚೆ ಎಲ್ಲೋ ಒಂದು ಸಿಡಿಲು ಬಡಿಯಿತು. ಮರುದಿನ ಪ್ಲಗ್ ಹಾಕಿ ಗುಂಡಿ ಒತ್ತಿದರೆ ಫ್ಯಾನ್ ಅರೆ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ.

ನಾನು ಮಾಡಿದ್ದ ತಪ್ಪು ಇಷ್ಟೇ: ಕರೆಂಟಿನ ಪ್ಲಗ್ ಕಿತ್ತಿದ್ದೆ, ಇಂಟರ್ನೆಟ್ ತರುವ ಲ್ಯಾನ್ ವಯರ್ ಕಿತ್ತಿರಲಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ನೀವೂ ಅದನ್ನೇ ಮಾಡುತ್ತೀರಿ. ಆದ್ದರಿಂದ ಉದ್ದವಾದರೂ ಬರೆಯುತ್ತೇನೆ.

ಆಗ ನಮ್ಮಲ್ಲಿದ್ದದ್ದು ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಬರುವ ಬ್ರಾಡ್‌ಬ್ಯಾಂಡ್. ತಂತಿ ರಸ್ತೆಯ ಕಂಬದಿಂದ ತೆಂಗಿನ ತೋಟದ ಮೇಲಾಗಿ ಬಂದು ಚಾವಡಿಯ ಮೋಡೆಮ್ಮಿಗೆ ಸೇರುತ್ತಿತ್ತು. ಮೋಡೆಮ್ಮಿನಿಂದ ಹೊರಟ ಲ್ಯಾನ್ ವಯರ್ ವೆಂಟಿಲೇಟರಿನ ಸಂದಿಯಲ್ಲಿ ತೂರಿ ಮಾಳಿಗೆಗೆ ಹೋಗುತ್ತಿತ್ತು. ಸಿಡಿಲು ನಮ್ಮ ಮನೆಗೇ ಬಡಿಯಬೇಕಾಗಿಲ್ಲ, ಆ ತಂತಿಗೆ ಬಡಿಯಬೇಕೆಂದೂ ಇಲ್ಲ. ಹತ್ತಿರದಲ್ಲಿ ಎಲ್ಲಿಯಾದರೂ ಇಳಿದರೆ ಸಾಕು, ಗಾಳಿಯಲ್ಲಿ ಅಷ್ಟುದ್ದ ಚಾಚಿಕೊಂಡ ತಾಮ್ರದಲ್ಲಿ ಸಾವಿರಾರು ವೋಲ್ಟುಗಳು ಕ್ಷಣಾರ್ಧದಲ್ಲಿ ಹುಟ್ಟುತ್ತವೆ. ಅವು ಮೋಡೆಮ್ಮನ್ನು ದಾಟಿ ಲ್ಯಾನ್ ವಯರಿನೊಳಗೆ ಹೊಕ್ಕವು. ಲ್ಯಾನ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, ಈಥರ್‌ನೆಟ್ ಎಂಬ ಲ್ಯಾನ್ ಸಂಪರ್ಕದ ನಿಯಮದಂತೆ ಅವು 1,500 ವೋಲ್ಟಿನಷ್ಟನ್ನು ತಡೆದುಕೊಳ್ಳಬೇಕು, ತಡೆದುಕೊಳ್ಳುತ್ತವೆ ಕೂಡ. ಅದಕ್ಕಿಂತ ಹೆಚ್ಚಿನದು ಬಂದರೆ ಕಿಡಿ ಹಾರಿ ಆಚೆ ದಾಟುತ್ತದೆ. ಆಚೆ ಇರುವುದು ಲ್ಯಾನ್ ಚಿಪ್, ಅದರ ಆಚೆಗೆ ಬೋರ್ಡಿನ ಭಾಗಗಳನ್ನು ಬೆಸೆಯುವ ಮುಖ್ಯ ಚಿಪ್, ಚಿಪ್‌ಸೆಟ್.

ಪಿಸಿಯ ಪ್ಲಗ್ಗೇ ನೆಲದ ಮೇಲಿದ್ದ ಮೇಲೆ ಆ ಕರೆಂಟು ಹೊರಗೆ ಹೋಗುವುದಾದರೂ ಎಲ್ಲಿಂದ ಎಂದು ನಾನೂ ಕೇಳಿದ್ದೆ. ಉತ್ತರ ಮೇಜಿನ ಮೇಲೆಯೇ ಇತ್ತು. ನನ್ನ 2.1 ಸ್ಪೀಕರಿನ ಪ್ಲಗ್ ಬೇರೆಯೇ ಸ್ವಿಚ್‌ಬೋರ್ಡಿನಲ್ಲಿತ್ತು ಮತ್ತು ಅದರ ಆಡಿಯೋ ವಯರ್ ಮದರ್‌ಬೋರ್ಡಿನ ಹಸಿರು ತೂತಿಗೆ ಚುಚ್ಚಿಕೊಂಡೇ ಇತ್ತು. ಲ್ಯಾನ್ ಪೋರ್ಟಿನಲ್ಲಿ ಒಳಗೆ ಬಂದದ್ದು ಬೋರ್ಡನ್ನು ಅಡ್ಡ ಹಾಯ್ದು, ಆಡಿಯೋ ವಯರಿನಲ್ಲಿ ಸ್ಪೀಕರಿಗೆ ಹೋಗಿ, ಅಲ್ಲಿಂದ ಮನೆಯ ವಯರಿಂಗ್ ಸೇರಿತು. ಲ್ಯಾನ್ ಪೋರ್ಟ್, ಆಡಿಯೋ ತೂತು ಎರಡೂ ಬೋರ್ಡಿನ ಹಿಂಬದಿಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ಉಡುಪಿಯಲ್ಲಿ ಚಿಪ್ ಲೆವೆಲ್ ಸರ್ವಿಸ್ ಮಾಡುವವರೊಬ್ಬರು ಬೋರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತೋರಿಸಿದರು: ಲ್ಯಾನ್ ಪೋರ್ಟಿನ ಒಳಗಿನ ಎರಡು ಪಿನ್ನುಗಳ ನಡುವೆ ಮಸಿ, ಪಕ್ಕದಲ್ಲಿ ಕಿರುಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪಿನ ನಡುವೆ ಸೂಜಿಯಿಂದ ಚುಚ್ಚಿದಂತಹ ಒಂದು ಕುಳಿ. ಮೂಗಿನ ಹತ್ತಿರ ತಂದರೆ ಇನ್ನೂ ಸುಟ್ಟ ವಾಸನೆ ಬರುತ್ತಿತ್ತು. “ಲ್ಯಾನ್ ವಯರ್ ತೆಗ್ದಿರ್ಲಿಲ್ವಾ ಮಾರಾಯ್ರೆ? ಬರೀ ಪ್ಲಗ್ ತೆಗ್ದು ಎಂತ ಪ್ರಯೋಜನ?” ಎಂದರು. ನಮ್ಮಮ್ಮ ಗುಡುಗು ಕೇಳಿದರೆ ಟಿ.ವಿ.ಯ ಪ್ಲಗ್ಗನ್ನು ಮಾತ್ರವಲ್ಲ, ಹಿಂದಿನ ಕೇಬಲ್ ವಯರನ್ನೂ ತಿರುಗಿಸಿ ಬಿಚ್ಚಿ ಇಡುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕೇಬಲ್ ವಯರಿಗೆ ಅನ್ವಯಿಸುವುದು ಲ್ಯಾನ್ ವಯರಿಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ.

ನಷ್ಟ ಬೋರ್ಡಿಗೇ ನಿಲ್ಲಲಿಲ್ಲ. ಸಿಡಿಲಿನ ಹಾನಿಗೆ ವಾರಂಟಿ ಇಲ್ಲ. ಹೊಸ ಬಿ250 ಬೋರ್ಡುಗಳು ಆ ಹೊತ್ತಿಗೆ ಮಾರುಕಟ್ಟೆಯಿಂದ ಹೋಗಿದ್ದವು, ಏಕೆಂದರೆ 2017ರ ಅಕ್ಟೋಬರಿನಲ್ಲೇ ಇಂಟೆಲ್ ಎಂಟನೇ ತಲೆಮಾರಿನ ಪ್ರೊಸೆಸರುಗಳನ್ನೂ ಅವಕ್ಕೆ ಹೊಂದುವ 300 ಸರಣಿಯ ಬೋರ್ಡುಗಳನ್ನೂ ತಂದಿತ್ತು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಹಳೆಯದೇ, ಎಲ್‌ಜಿಎ 1151. ಆದರೆ ಪಿನ್ನುಗಳ ಕೆಲಸವನ್ನು ಬದಲಾಯಿಸಿದ್ದರಿಂದ ಹೊಸ ಬೋರ್ಡಿನಲ್ಲಿ ಹಳೆಯ ಪ್ರೊಸೆಸರ್ ನಡೆಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಬೋರ್ಡು ಸಿಗುತ್ತದೆ ಎಂದರು, ಸಿಕ್ಕಿತು ಕೂಡ, ವಾರಂಟಿ ಇಲ್ಲದ ಬೋರ್ಡಿಗೆ ಹೊಸದರ ಬೆಲೆ ಎಂದು ಬಿಟ್ಟೆ. ಒಂದು ವಯರ್ ಕೀಳದ ತಪ್ಪಿಗೆ ಬೋರ್ಡು, ಪ್ರೊಸೆಸರ್, ಸ್ಪೀಕರ್, ಮೋಡೆಮ್ ಇಷ್ಟನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಇದರಲ್ಲಿ ತಮಾಷೆಯೆಂದರೆ, ಇದ್ದ ಹಣವನ್ನೆಲ್ಲ ನುಂಗಿದ್ದ ಜಿಟಿಎಕ್ಸ್ 1060ಕ್ಕೆ ಏನೂ ಆಗಿರಲಿಲ್ಲ. ಹಣ ಕೂಡಿಸಿ ಎಎಂಡಿಯ ಪ್ರೊಸೆಸರ್ ರೈಜನ್ 5 2600 ಮತ್ತು ಬಿ450 ಬೋರ್ಡ್ ತರುವವರೆಗೆ, ಅಂದರೆ ಮುಂದಿನ ಇಡೀ ಮಳೆಗಾಲ ಕಳೆಯುವವರೆಗೆ, ಅದು ತನ್ನ ಆಂಟಿ ಸ್ಟ್ಯಾಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಅಮ್ಮ ಹಲಸಿನ ಹಪ್ಪಳ ಇಡುವ ಡಬ್ಬಿಯಲ್ಲಿ ಕುಳಿತಿತ್ತು.

ಆದ್ದರಿಂದ 5060ವೋ 9060 ಎಕ್ಸ್‌ಟಿಯೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಪ್ರಶ್ನೆಯೆಂದೇ ಒಪ್ಪುವುದಿಲ್ಲ. ಮಳೆಗಾಲಕ್ಕೆ ಮೊದಲು ಕಾರ್ಡು ಕೊಳ್ಳಲೇಬೇಡಿ. ನೀವು ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಪಕ್ಕಕ್ಕಿಟ್ಟದ್ದನ್ನು ಈಗ ಕೊಳ್ಳಿ, ಈಗಲೇ ಬೇಕು ಎಂದದ್ದನ್ನು ಡಿಸೆಂಬರಿಗೆ ಇಡಿ.

ಮೊದಲು ಮನೆಯ ಅರ್ತಿಂಗ್ ನೋಡಿಸಿ. ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಗುಡ್ಡ. ಬೇಸಗೆಯಲ್ಲಿ ಒಣಗಿದ ಮುರಕಲ್ಲಿನಲ್ಲಿ ಕರೆಂಟು ನೆಲಕ್ಕೆ ಇಳಿಯುವುದೇ ಕಷ್ಟ, ಅದಕ್ಕೇ ಹಿಂದಿನವರು ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಹೊಯ್ಯುತ್ತಿದ್ದದ್ದು. ನಿಮ್ಮದು ಹೊಯಿಗೆ (ಮರಳು) ನೆಲವಾಗಿದ್ದರೆ ಮೇಲ್ಪದರ ಒಣಗಿದಾಗ ಅದೂ ಇದೇ ಜಾತಿ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟಿನ ಒಳಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಹತ್ತು ಇಪ್ಪತ್ತು ತೋರಿಸಿದರೆ ಅರ್ತ್ ಹೆಸರಿಗೆ ಮಾತ್ರ ಇರಬಹುದು ಎಂದು ತಿಳಿಯಿರಿ. ಅರ್ತ್ ಟೆಸ್ಟರ್ ಇರುವವರು ಸಿಕ್ಕಿದರೆ ಇನ್ನೂ ಒಳ್ಳೆಯದು. ಅರ್ತ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಕೊಂಡರೆ ಅದರ ಬಹುಪಾಲು ಕೆಲಸ ನಡೆಯುವುದೇ ಇಲ್ಲ, ಏಕೆಂದರೆ ಅದು ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ತಳ್ಳಬೇಕು.

ಆಮೇಲೆ ಎಸ್‌ಎಂಪಿಎಸ್. ಡಬ್ಬಿಯ ಮೇಲಿನ 80 ಪ್ಲಸ್ ಮುದ್ರೆಯನ್ನು ನೋಡಿ ಮರುಳಾಗಬೇಡಿ. 2004ರಲ್ಲಿ ಶುರುವಾದ ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನೇ ಹೊರತು ಒಳಗಿನ ರಕ್ಷಣೆಯ ಗುಣಮಟ್ಟವನ್ನಲ್ಲ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮಕ್ಕೆ ಒಪ್ಪುವ 650 ವ್ಯಾಟಿನದ್ದನ್ನು ತೆಗೆದುಕೊಳ್ಳಿ. ಈಗಿನ ಕಾರ್ಡುಗಳು ಮೈಕ್ರೋಸೆಕೆಂಡುಗಳ ಮಟ್ಟಿಗೆ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ನಿಯಮವನ್ನು ಬರೆದದ್ದು. ಯುಪಿಎಸ್ 600 ವಿಎ ಸಾಲದು. ಅದರ ವ್ಯಾಟ್ ಸಾಮಾನ್ಯವಾಗಿ 360, ಕಾರ್ಡು ಬಂದ ಮೇಲೆ ಆಟದ ಹೊತ್ತಿನಲ್ಲಿ ಮಾನಿಟರೂ ಸೇರಿ 300ರ ಹತ್ತಿರ ಹೋಗುತ್ತದೆ. 1,000 ವಿಎ ತೆಗೆದುಕೊಳ್ಳಿ. ಯುಪಿಎಸ್ ಇರುವುದು ಪದೇ ಪದೇ ಹೋಗಿ ಬರುವ ಕರೆಂಟಿಗೆ, ಸಿಡಿಲಿಗಲ್ಲ. ಸಿಡಿಲಿಗೆ ಮದ್ದು ಒಂದೇ: ಪಿಸಿ, ಮಾನಿಟರ್, ಸ್ಪೀಕರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಟ್ಟು ಅದರ ಪ್ಲಗ್ ಕೀಳುವುದು, ಜೊತೆಗೆ ಲ್ಯಾನ್ ವಯರ್ ಕೀಳುವುದು.

“ನಮ್ಮಲ್ಲಿ ಈಗ ಫೈಬರ್ ಇದೆ” ಎನ್ನುತ್ತೀರಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ವಯರುಗಳಲ್ಲಿ ಭಾರ ತಡೆಯಲು ಉಕ್ಕಿನ ತಂತಿ ಇರುವುದುಂಟು. ಅಲ್ಲದೆ ಆ ಫೈಬರ್ ಪೆಟ್ಟಿಗೆಗೆ ಅಡಾಪ್ಟರ್ ಇದೆ, ಅಡಾಪ್ಟರ್ ಮನೆಯ ಲೈನಿನಲ್ಲಿದೆ. ಅಪಾಯ ಕಡಿಮೆಯಾಗಿದೆ, ಹೋಗಿಲ್ಲ. ಪಿಂಗ್ (ಆನ್‌ಲೈನ್ ಆಟದಲ್ಲಾಗುವ ವಿಳಂಬ) ಕಡಿಮೆ ಬೇಕು ಎಂದು ಲ್ಯಾನ್ ಹಾಕಿಸುವವರು ಅದನ್ನು ಕೀಳುವ ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವೇ ವೈಫೈ ಇರುವ ಬೋರ್ಡು ಕೊಂಡು ಸುಮ್ಮನಿರಬೇಕು. ನಾನು ಈಗ ಎರಡನೆಯ ಜಾತಿಗೆ ಸೇರಿದವನು.

ಇಷ್ಟಾದ ಮೇಲೆ ಉಳಿದ ಹಣಕ್ಕೆ ರೈಜನ್ 5 7600, ಬಿ650 ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ. ಈ ಪ್ರೊಸೆಸರಿನಲ್ಲಿಯೇ ಚಿಕ್ಕದೊಂದು ಗ್ರಾಫಿಕ್ಸ್ ಇದೆ. ಓದಿನ ಕೆಲಸಕ್ಕೆ, ‘ಹಾಲೋ ನೈಟ್’, ‘ಸ್ಟಾರ್ಡ್ಯೂ ವ್ಯಾಲಿ’ಯಂತಹ ಆಟಗಳಿಗೆ ಒಂದು ಮಳೆಗಾಲದ ಮಟ್ಟಿಗೆ ಸಾಕು. ರೈಜನ್ 5 8600ಜಿಯಲ್ಲಿ ಗ್ರಾಫಿಕ್ಸ್ ಇನ್ನೂ ಚೆನ್ನಾಗಿದೆ, ಆದರೆ ಅದು ಕಾರ್ಡಿಗೆ ಪಿಸಿಐಇ 4.0ರ ಎಂಟು ಲೇನುಗಳನ್ನಷ್ಟೇ, ಅಂದರೆ ಮಾಹಿತಿ ಓಡಾಡಲು ಕಿರಿದಾದ ದಾರಿಯನ್ನಷ್ಟೇ ಕೊಡುತ್ತದೆ. ಕಾರ್ಡು ಹಾಕುವ ಯೋಚನೆ ಇದ್ದರೆ 7600 ವಾಸಿ. ಸಾಕೆಟ್ ವಿಷಯದಲ್ಲಿ ನನಗಾದದ್ದು ನಿಮಗೆ ಆಗುವ ಸಂಭವ ಕಡಿಮೆ: ಈ ಪ್ರೊಸೆಸರಿನ ಸಾಕೆಟ್ಟಾದ ಎಎಂ5ಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುತ್ತೇವೆಂದು ಎಎಂಡಿ ಹೇಳಿದೆ. ಮಟ್ಟುವಿನ ಕಡಲ ಗಾಳಿ ನಿಮ್ಮ ಮನೆಗೆ ಬರುತ್ತದೆಯಾದರೆ ಪಿಸಿಯನ್ನು ಆ ಕಡೆಯ ಕಿಟಕಿಯ ಕೆಳಗೆ ಇಡಬೇಡಿ, ಮತ್ತು ಮಳೆಗಾಲದಲ್ಲಿ ಪ್ರತಿದಿನ ಸ್ವಲ್ಪ ಹೊತ್ತಾದರೂ ನಡೆಸಿ. ಬಿಸಿಯಾಗುತ್ತಿರುವ ಬೋರ್ಡಿನಲ್ಲಿ ತೇವ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳಿ ಎಂದು ಬೇರೆ ಯಾರಾದರೂ ಹೇಳಿಯಾರು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಲ್ಲಿ 35 ವ್ಯಾಟಿನದ್ದನ್ನೂ 115 ವ್ಯಾಟಿನದ್ದನ್ನೂ ಮಾರುವ ಆ ವ್ಯಾಪಾರದಲ್ಲಿ ನನಗೆ ನಂಬಿಕೆಯಿಲ್ಲ.

ಡಿಸೆಂಬರಿನಲ್ಲಿ ಕಾರ್ಡು ಕೊಳ್ಳುವಾಗ 9060 ಎಕ್ಸ್‌ಟಿಯ 16 ಜಿಬಿಯದ್ದನ್ನೇ ನೋಡಿ. 5060ರಲ್ಲಿರುವುದು 8 ಜಿಬಿ, 9060 ಎಕ್ಸ್‌ಟಿಯಲ್ಲೂ 8 ಜಿಬಿಯದ್ದೊಂದು ಇದೆ, ಎರಡೂ ಬೇಡ. ಹೊಸ ಆಟಗಳ ಟೆಕ್ಸ್ಚರ್‌ಗಳಿಗೆ, ಅಂದರೆ ಆಟದಲ್ಲಿ ಕಾಣುವ ವಸ್ತುಗಳ ಮೈಮೇಲಿನ ಚಿತ್ರಗಳಿಗೆ, 8 ಜಿಬಿ ಈಗಾಗಲೇ ಇಕ್ಕಟ್ಟಾಗಿದೆ. ಆ ಹೊತ್ತಿಗೆ ಬೆಲೆ ಏರಿದರೆ ಇನ್ನೊಂದು ತಿಂಗಳು ಕಾಯಿರಿ. ಸದ್ಯಕ್ಕೆ ಎಲೆಕ್ಟ್ರಿಷಿಯನ್ ಬಂದು ಹೋದ ಮೇಲೆ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟು ವೋಲ್ಟ್ ಬಂತು, ಮನೆಯಲ್ಲಿ ಇನ್ವರ್ಟರ್ ಇದೆಯೇ, ಪಿಸಿ ಇಡುವ ಕೋಣೆ ಆ ಲೈನಿನಲ್ಲಿದೆಯೇ ಎಂಬುದನ್ನು ಕೆಳಗೆ ಬರೆಯಿರಿ. ಇನ್ವರ್ಟರ್ ಲೈನಿನಲ್ಲಿದ್ದರೆ ಯುಪಿಎಸ್ ವಿಷಯದಲ್ಲಿ ನನ್ನ ಸಲಹೆ ಬದಲಾಗಬಹುದು.