ದನಿ ತಗ್ಗಿದಾಗ ವಾಲ್ಯೂಮ್ ಮುಟ್ಟಬೇಡಿ

ಪ್ರಶ್ನೆ: ರಾಕ್ ಸಂಗೀತ ಅಷ್ಟಿಷ್ಟು ಕೇಳಿದ್ದೇನೆ. ಆದರೆ ‘ಇಂಡೀ ರಾಕ್’ ಅಂದರೆ ಏನು ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಐದು ಆಲ್ಬಮ್ ಹೇಳಿ, ಅಲ್ಲಿಂದ ಶುರು ಮಾಡುತ್ತೇನೆ.
— ಹೊಸ ಕೇಳುಗ

ಉತ್ತರ: ಐದು ಬೇಡ, ಎರಡು ಹೇಳುತ್ತೇನೆ. ಪಟ್ಟಿ ಉದ್ದವಾದರೆ ಯಾವುದನ್ನೂ ಪೂರ್ತಿ ಕೇಳುವುದಿಲ್ಲ.

ಇಂಡೀ ಅನ್ನುವುದು ಮೊದಲು ಒಂದು ಬಗೆಯ ಸದ್ದಿನ ಹೆಸರಾಗಿರಲಿಲ್ಲ. ದುಡ್ಡು ಯಾರು ಹಾಕಿದರು ಅನ್ನುವುದರ ಹೆಸರಾಗಿತ್ತು; ‘ಇಂಡಿಪೆಂಡೆಂಟ್’, ಅಂದರೆ ಸ್ವತಂತ್ರ, ಅನ್ನುವುದರ ಚಿಕ್ಕ ರೂಪ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡಿನವರು ಮನೆಯವರಿಂದ, ಗೆಳೆಯರಿಂದ 500 ಪೌಂಡ್ ಸಾಲ ತಂದರು. 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಅನ್ನುವ ನಾಲ್ಕು ಹಾಡುಗಳ ರೆಕಾರ್ಡನ್ನು ತಾವೇ ಹೊರತಂದರು. ಮೊದಲು ಹಾಕಿಸಿದ್ದು 1000 ಪ್ರತಿ. ದೊಡ್ಡ ಕಂಪನಿಯ ಬಾಗಿಲು ಕಾಯದೆಯೂ ರೆಕಾರ್ಡ್ ಮಾಡಬಹುದು ಅಂತ ಅದನ್ನು ನೋಡಿದವರಿಗೆ ಗೊತ್ತಾಯಿತು. ಆಮೇಲೆ ಸಣ್ಣ ಸಣ್ಣ ಲೇಬಲ್‌ಗಳು, ಅಂದರೆ ರೆಕಾರ್ಡ್ ಕಂಪನಿಗಳು, ಒಂದೊಂದಾಗಿ ಹುಟ್ಟಿಕೊಂಡವು.

ನನ್ನ ಮೊದಲ ಸಲಹೆ ಯೋ ಲಾ ಟೆಂಗೋ ಬ್ಯಾಂಡಿನ ‘ಐ ಕ್ಯಾನ್ ಹಿಯರ್ ದ ಹಾರ್ಟ್ ಬೀಟಿಂಗ್ ಆ್ಯಸ್ ಒನ್’, 1997. ಗಂಡ ಐರಾ ಕಪ್ಲಾನ್ ಗಿಟಾರ್, ಹೆಂಡತಿ ಜಾರ್ಜಿಯಾ ಹಬ್ಲಿ ಡ್ರಮ್ಸ್, ಜೊತೆಗೆ ಬೇಸ್ ನುಡಿಸುವ ಜೇಮ್ಸ್ ಮ್ಯಾಕ್‌ನ್ಯೂ. ಪಿಸುಮಾತಿನಂಥ ಹಾಡು, ಕಿವಿ ತುಂಬುವ ಗಿಟಾರ್ ಗದ್ದಲ, ಹತ್ತು ನಿಮಿಷ ಎಳೆಯುವ ವಾದ್ಯದ ಆಟ, ಎಲ್ಲಾ ಒಂದೇ ಆಲ್ಬಮಿನಲ್ಲಿದೆ. ನಿಮಗೆ ಯಾವ ದಾರಿ ಇಷ್ಟ ಅಂತ ಅದೇ ಹೇಳಿಬಿಡುತ್ತದೆ.

ಎರಡನೆಯದು ಪಿಕ್ಸೀಸ್ ಬ್ಯಾಂಡಿನ ‘ಡೂಲಿಟಲ್’, 1989. ಹದಿನೈದು ಹಾಡು, ನಲವತ್ತು ನಿಮಿಷವೂ ಇಲ್ಲ. ಮೆಲ್ಲಗೆ ಹೋಗುತ್ತಿರುವ ಹಾಡು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಈ ವಿದ್ಯೆಯನ್ನು ಇವರಿಂದಲೇ ಎತ್ತಿಕೊಂಡೆ ಅಂತ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಒಪ್ಪಿಕೊಂಡಿದ್ದರು.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆ ಅಂತ ನ್ಯೂಟ್ರಲ್ ಮಿಲ್ಕ್ ಹೊಟೆಲ್‌ನ ‘ಇನ್ ದಿ ಏರೋಪ್ಲೇನ್ ಓವರ್ ದ ಸೀ’ ಕೇಳಿದೆ. ಆ ದನಿ ತಡೆಯೋಕಾಗಲಿಲ್ಲ. ಮೂರನೇ ಹಾಡಿಗೇ ನಿಲ್ಲಿಸಿದೆ. ತಪ್ಪು ನನ್ನದಾ?
— ಸೋತವಳು

ಉತ್ತರ: ತಪ್ಪೂ ಅಲ್ಲ, ಸೋಲೂ ಅಲ್ಲ. ನಾನೂ ಅಲ್ಲೇ ನಿಲ್ಲಿಸಿದ್ದೆ. ಕೇಳಿದ ಆಲ್ಬಮುಗಳನ್ನು ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಇದರ ಮುಂದೆ ಮೊದಲ ಸಲ ಬರೆದದ್ದು ‘ಕೂಗುತ್ತಾನೆ’ ಅಂತ ಒಂದೇ ಪದ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹಾಕಿಕೊಂಡು ಮಲಗಿದೆ, ನಿಲ್ಲಿಸೋಕೆ ಏಳುವಷ್ಟು ಶಕ್ತಿ ಇರಲಿಲ್ಲ. ಹಾಗಾಗಿ ಪೂರ್ತಿ ಕೇಳಿದೆ. ಒಂದು ಹಾಡು ಇನ್ನೊಂದರೊಳಕ್ಕೆ ಹರಿಯುತ್ತದೆ. ಗರಗಸವನ್ನು ಕಮಾನಿನಿಂದ ಉಜ್ಜಿ ತೆಗೆದ ಸ್ವರ ಅಳುವ ಹಾಗೆ ಕೇಳಿಸುತ್ತದೆ. ಅದರ ಹಿಂದೆಯೇ ಕಹಳೆಗಳು ಬರುತ್ತವೆ. ಬ್ಯಾಂಡಿನ ಹಾಡುಗಾರ ಜೆಫ್ ಮ್ಯಾಂಗಮ್, ನಾಜಿಗಳ ಕ್ಯಾಂಪಿನಲ್ಲಿ ಸತ್ತ ಆ್ಯನ್ ಫ್ರಾಂಕ್ ಎಂಬ ಹುಡುಗಿಯ ಡೈರಿ ಓದಿ ತತ್ತರಿಸಿ ಹೋಗಿದ್ದರು. ಆ ಸಂಕಟವೇ ಹಾಡುಗಳ ತುಂಬಾ ಇದೆ. ಇದು ಗೊತ್ತಾದ ಮೇಲೆ ಆ ಕೂಗು ನನಗೆ ಕೂಗಾಗಿ ಕೇಳಿಸಲಿಲ್ಲ. ಸತ್ತವಳನ್ನು ಕರೆಯುವವರು ಮೆಲ್ಲಗೆ ಕರೆಯುವುದಿಲ್ಲ ಅಲ್ವಾ?

ಕೊನೆಯ ಹಾಡಿನ ಕೊನೆಗೆ ಮ್ಯಾಂಗಮ್ ಗಿಟಾರ್ ಕೆಳಗಿಟ್ಟು ಎದ್ದು ಹೋಗುವ ಸದ್ದು ರೆಕಾರ್ಡಿನಲ್ಲೇ ಇದೆ. ಇದು 1998ರ ಆಲ್ಬಮ್. ಅದಾದ ಮೇಲೆ ಆ ಬ್ಯಾಂಡ್ ಹೊಸ ಆಲ್ಬಮ್ ಮಾಡಿಲ್ಲ. ಆ ಹೆಜ್ಜೆ ಸದ್ದಿಗೋಸ್ಕರವಾದರೂ ಇನ್ನೊಮ್ಮೆ ಕೇಳಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಗೈಡೆಡ್ ಬೈ ವಾಯ್ಸಸ್‌ನ ‘ಬೀ ಥೌಸಂಡ್’ ಹಳೇ ಕ್ಯಾಸೆಟ್ ಥರ ಕೇಳಿಸುತ್ತದೆ. ಕೆಟ್ಟ ರೆಕಾರ್ಡಿಂಗನ್ನು ಯಾಕೆ ಹೊಗಳಬೇಕು?

ಉತ್ತರ: ಅದು ಕ್ಯಾಸೆಟ್ಟೇ. ಬ್ಯಾಂಡಿನ ಹಾಡುಗಾರ ರಾಬರ್ಟ್ ಪೊಲಾರ್ಡ್ ಅಮೆರಿಕದ ಓಹಾಯೋದ ಡೇಟನ್‌ನಲ್ಲಿ ಶಾಲೆಯ ಮೇಷ್ಟ್ರಾಗಿದ್ದವರು. ಗೆಳೆಯರನ್ನು ಕಟ್ಟಿಕೊಂಡು ನೆಲಮಾಳಿಗೆಯಲ್ಲಿ, ಗ್ಯಾರೇಜಿನಲ್ಲಿ ನಾಲ್ಕು ಟ್ರ್ಯಾಕಿನ ಪುಟ್ಟ ಯಂತ್ರದಲ್ಲಿ ಹಾಡು ಹಿಡಿದರು. 1994ರಲ್ಲಿ ಬಂದ ಈ ಆಲ್ಬಮಿನಲ್ಲಿ ಇಪ್ಪತ್ತು ಹಾಡುಗಳಿವೆ, ಮುಗಿಯೋದು ಮೂವತ್ತಾರು ನಿಮಿಷದಲ್ಲಿ. ಮೊದಲ ಹಾಡಿನಲ್ಲೇ ಗಿಟಾರ್ ನಡುವೆ ಮಾಯವಾಗಿ ಮತ್ತೆ ಬರುತ್ತದೆ. ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ. ನಾನು ಹೊಗಳುವುದು ರೆಕಾರ್ಡಿಂಗನ್ನಲ್ಲ, ರಾಗಗಳನ್ನು. ಒಂದೂವರೆ ನಿಮಿಷದಲ್ಲಿ ಇಷ್ಟು ಒಳ್ಳೆಯ ರಾಗ ಕಟ್ಟುವುದು ಸುಲಭವಲ್ಲ.

ಶುದ್ಧವಾದ ಸದ್ದು ಬೇಕೆಂದರೆ ಎಲಿಯಟ್ ಸ್ಮಿತ್‌ರ ‘ಐದರ್/ಆರ್’ ಕೇಳಿ, 1997ರದು. ಅದನ್ನು ನಾನು ಬಹಳ ದಿನ ಒಂದು ಕಿವಿ ಕೆಟ್ಟ ಹೆಡ್‌ಫೋನಿನಲ್ಲಿ ಕೇಳಿದ್ದೆ. ಒಬ್ಬಂಟಿ ದನಿ ಅಂದುಕೊಂಡಿದ್ದೆ. ಹೊಸ ಹೆಡ್‌ಫೋನ್ ಹಾಕಿದ ದಿನ ಇನ್ನೊಂದು ದನಿಯೂ ಕೇಳಿಸಿತು. ಒಂದೇ ಸಾಲನ್ನು ಎರಡು ಸಲ ಹಾಡಿ ಜೋಡಿಸುವುದು ಅವರ ರೂಢಿ. ತನ್ನ ಪಕ್ಕ ತಾನೇ ಕೂತು ಹಾಡಿದ ಹಾಗಿತ್ತು. ಅವತ್ತು ಇಡೀ ಆಲ್ಬಮ್ ಮತ್ತೆ ಮೊದಲಿನಿಂದ ಕೇಳಿದೆ.

ಪ್ರಶ್ನೆ: ರಾತ್ರಿ ದೀಪ ಆರಿಸಿ ಒಬ್ಬನೇ ಕೇಳೋಕೆ ಒಂದೇ ಒಂದು ಆಲ್ಬಮ್?

ಉತ್ತರ: ಸ್ಲಿಂಟ್, ‘ಸ್ಪೈಡರ್‌ಲ್ಯಾಂಡ್’, 1991. ಅಮೆರಿಕದ ಲೂಯಿವಿಲ್‌ನ ನಾಲ್ವರು ಹುಡುಗರು ನಾಲ್ಕೇ ದಿನದಲ್ಲಿ ರೆಕಾರ್ಡ್ ಮಾಡಿದ ಆರು ಹಾಡುಗಳು. ಆಲ್ಬಮ್ ಅಂಗಡಿಗೆ ಬರುವಷ್ಟರಲ್ಲಿ ಬ್ಯಾಂಡೇ ಮುರಿದಿತ್ತು. ಮುಖಪುಟದಲ್ಲಿ ಕಲ್ಲುಕ್ವಾರಿಯ ನೀರಿನಲ್ಲಿ ನಾಲ್ಕು ತಲೆಗಳು ಮಾತ್ರ ಕಾಣುತ್ತವೆ.

ಒಂದು ಎಚ್ಚರಿಕೆ. ಇಲ್ಲಿ ಹೆಚ್ಚು ಕಡೆ ಹಾಡುವುದಿಲ್ಲ, ಕಥೆ ಹೇಳುವ ಹಾಗೆ ಮಾತಾಡುತ್ತಾರೆ. ದನಿ ಗಿಟಾರಿನ ಹಿಂದೆ ಅಡಗಿರುತ್ತದೆ. ಮಾತು ಕೇಳಿಸಲಿ ಅಂತ ನಾನು ವಾಲ್ಯೂಮ್ ಏರಿಸುತ್ತಾ ಹೋದೆ. ಕೊನೆಯ ಹಾಡಿನ ಕೊನೆಯ ನಿಮಿಷದಲ್ಲಿ ಆ ಮೆಲುದನಿ ಕಿರುಚಾಟವಾಯಿತು. ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದು ಕತ್ತಲಲ್ಲಿ ಕೂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ನೀವು ದಯವಿಟ್ಟು ವಾಲ್ಯೂಮ್ ಮುಟ್ಟಬೇಡಿ. ಕೇಳಿಸದಿದ್ದರೆ ಇನ್ನಷ್ಟು ಕಿವಿಗೊಡಿ. ಅಷ್ಟು ತಗ್ಗಿಸಿ ಇಟ್ಟಿರುವುದು ಆ ಕೊನೆಯ ನಿಮಿಷಕ್ಕೋಸ್ಕರವೇ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನೀವು ಯಾವಾಗಲೂ ಹಳೆಯದನ್ನೇ ಹೇಳುತ್ತೀರಿ. ಹೊಸಬರಲ್ಲಿ ಯಾರೂ ಇಲ್ಲವೇ?

ಉತ್ತರ: ಇದ್ದಾರೆ. ಬಿಗ್ ಥೀಫ್ ಬ್ಯಾಂಡಿನ ‘ಟೂ ಹ್ಯಾಂಡ್ಸ್’ ಕೇಳಿ, 2019ರದು. ಟೆಕ್ಸಾಸ್‌ನ ಮರುಭೂಮಿಯ ಹತ್ತಿರದ ಸ್ಟುಡಿಯೊದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದು, ಆಮೇಲೆ ಸೇರಿಸಿದ್ದು ಬಹಳ ಕಡಿಮೆ. ಹಾಡುವ ಏಡ್ರಿಯನ್ ಲೆಂಕರ್ ದನಿ ಒಡೆಯುವ ಜಾಗಗಳನ್ನು ಗಮನಿಸಿ.

ಪ್ರಶ್ನೆ: ಆರು ತಿಂಗಳ ಹಿಂದೆ ಅಮ್ಮ ಹೋದರು. ಅವತ್ತಿನಿಂದ ಹಾಡು ಕೇಳೋಕೆ ಆಗುತ್ತಿಲ್ಲ. ಮತ್ತೆ ಶುರು ಮಾಡೋಕೆ ಯಾವುದಾದರೂ ಆಲ್ಬಮ್ ಇದೆಯಾ?
— ಹಳೆಯ ಓದುಗ

ಉತ್ತರ: ಅವಸರ ಮಾಡಬೇಡಿ. ಅಣ್ಣ ತೀರಿಕೊಂಡ ವರ್ಷ ನನ್ನ ನೋಟ್‌ಬುಕ್ಕಿನಲ್ಲೂ ಎಂಟು ತಿಂಗಳು ಏನೂ ಇಲ್ಲ.

ಆಮೇಲೆ ಮೊದಲು ಬರೆದದ್ದು ಸುಫ್ಯಾನ್ ಸ್ಟೀವನ್ಸ್‌ರ ‘ಕ್ಯಾರಿ ಆ್ಯಂಡ್ ಲೊವೆಲ್’. 2015ರ ಆಲ್ಬಮ್. ಕ್ಯಾರಿ ಅಂದರೆ ಸುಫ್ಯಾನ್ ಅವರ ತಾಯಿ, 2012ರಲ್ಲಿ ತೀರಿಕೊಂಡವರು. ಲೊವೆಲ್ ಮಲತಂದೆ. ತಾಯಿ ಸುಫ್ಯಾನ್ ಚಿಕ್ಕವರಿದ್ದಾಗಲೇ ಮನೆ ಬಿಟ್ಟು ಹೋಗಿದ್ದರು. ಜೊತೆಗಿದ್ದ ದಿನಗಳು ಕಡಿಮೆ, ಆದರೂ ದುಃಖ ಕಡಿಮೆಯಾಗಿಲ್ಲ. ಡ್ರಮ್ಸ್ ಇಲ್ಲವೆಂದೇ ಹೇಳಬಹುದು. ಬೆರಳಲ್ಲಿ ಮೀಟಿದ ತಂತಿ, ಉಸಿರಿನಷ್ಟೇ ದನಿ. ಆರನೇ ಹಾಡು ಸಾಯುತ್ತಿರುವ ತಾಯಿಗೂ ಮಗನಿಗೂ ನಡೆಯುವ ಮಾತುಕತೆ. ಆಲ್ಬಮನ್ನು ಪೂರ್ತಿ ಕೇಳಿ ಅಂತ ಎಲ್ಲರಿಗೂ ಹೇಳುವವನು ನಾನು, ಆದರೆ ನಿಮಗೆ ಹೇಳುವುದಿಲ್ಲ. ಅಲ್ಲಿಗೆ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಿ. ನನ್ನ ಪುಟದಲ್ಲಿ ‘ಆರನೇ ಹಾಡಿನವರೆಗೆ’ ಅಂತ ನಾಲ್ಕು ಸಲ ಇದೆ.

ಹನ್ನೊಂದೂ ಹಾಡು ಕೇಳಲು ಆದ ದಿನ ಆರ್ಕೇಡ್ ಫೈರ್‌ನ ‘ಫ್ಯೂನರಲ್’, ಅಂದರೆ ಅಂತ್ಯಸಂಸ್ಕಾರ, ಹಾಕಿ. ಅದನ್ನು ಮಾಡುತ್ತಿದ್ದ ದಿನಗಳಲ್ಲಿ ಬ್ಯಾಂಡಿನ ರೆಜೀನ್ ಶಸಾನ್ ಅವರ ಅಜ್ಜಿ, ವಿನ್ ಮತ್ತು ವಿಲ್ ಬಟ್ಲರ್ ಅವರ ತಾತ ತೀರಿಕೊಂಡರು. ಅದಕ್ಕೇ ಆ ಹೆಸರು. ಆದರೆ ಅಲ್ಲಿ ಎಲ್ಲರೂ ಸೇರಿ ಗಂಟಲು ಬಿಚ್ಚಿ ಹಾಡುತ್ತಾರೆ, ಮಾತಿಲ್ಲದ ಬರೀ ಸ್ವರವನ್ನು. ಅದನ್ನು ಮಾತ್ರ ಹೆಡ್‌ಫೋನಿನಲ್ಲಿ ಕೇಳಬೇಡಿ. ಮನೆಯವರಿಗೂ ಕೇಳಿಸುವಂತೆ ಜೋರಾಗಿ ಹಾಕಿ.